ವೈರಲ್ ಲೋಡ್ ವರದಿ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಎಚ್‌ಐವಿ ಚಿಕಿತ್ಸೆಯಲ್ಲಿರುವವರು, ಅವರ ಮನೆಯವರು, ಲ್ಯಾಬ್‌ಗಳಲ್ಲಿ ದುಡಿಯುವವರು ಬರೆದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಹೆಸರು, ಊರು ತೆಗೆದಿದ್ದೇವೆ, ಪತ್ರಗಳನ್ನು ಚುಟುಕಾಗಿಸಿದ್ದೇವೆ.

ಪ್ರಶ್ನೆ: ಹೋದ ವರ್ಷದ ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂದಿತ್ತು. ಈ ಸಲ ‘20ಕ್ಕಿಂತ ಕಡಿಮೆ, ಪತ್ತೆಯಾಗಿದೆ’ ಎಂದು ಬಂದಿದೆ. ಅದನ್ನು ಓದಿದಾಗಿನಿಂದ ನಿದ್ದೆ ಬರುತ್ತಿಲ್ಲ. ಔಷಧ ಸೋಲುತ್ತಿದೆಯೇ?

ಉತ್ತರ: ಇಲ್ಲ, ನೆಮ್ಮದಿಯಾಗಿ ಮಲಗಿ. ಎರಡೂ ಒಳ್ಳೆಯ ವರದಿಗಳೇ.

ರಕ್ತಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ಹಳದಿ ದ್ರವವೇ ಪ್ಲಾಸ್ಮಾ. ಅದರ ಒಂದು ಮಿಲಿಲೀಟರಿನಲ್ಲಿ ವೈರಸ್ಸಿನ ಆರ್‌ಎನ್‌ಎ (ಅದರ ವಂಶವಾಹಿ ಎಳೆ) ಎಷ್ಟು ಕಾಪಿ ಇದೆ ಎಂಬ ಲೆಕ್ಕವೇ ವೈರಲ್ ಲೋಡ್. ಒಂದೊಂದು ವೈರಸ್ ಕಣದಲ್ಲೂ ಎರಡು ಆರ್‌ಎನ್‌ಎ ಎಳೆ ಇರುವುದರಿಂದ 1000 ಕಾಪಿ ಅಂದರೆ ಸುಮಾರು 500 ವೈರಸ್. ಯಂತ್ರ ಭರವಸೆಯಿಂದ ಎಣಿಸಬಲ್ಲ ಸಂಖ್ಯೆಗೆ ಒಂದು ಕೆಳಮಿತಿ ಇದೆ. ಯಂತ್ರ ಯಾವುದು ಎಂಬುದರ ಮೇಲೆ ಅದು 20, 30 ಅಥವಾ 40 ಆಗಿರಬಹುದು. ಮಿತಿಗಿಂತ ಕೆಳಗೆ ಏನೋ ಸುಳಿವು ಸಿಕ್ಕಿತು, ಎಣಿಸುವಷ್ಟಿಲ್ಲ ಎಂದಾಗ ನಿಮಗೆ ಬಂದಂಥ ವರದಿ ಬರುತ್ತದೆ. ಅದೇ ರಕ್ತವನ್ನು ಇನ್ನೊಮ್ಮೆ ಯಂತ್ರಕ್ಕೆ ಹಾಕಿದರೆ ‘ಪತ್ತೆಯಾಗಿಲ್ಲ’ ಎಂದೂ ಬರಬಹುದು. ಅಷ್ಟು ಕೆಳಗಿನ ಮಟ್ಟದಲ್ಲಿ ಒಂದೆರಡು ಕಾಪಿ ಯಂತ್ರದ ಪಾಲಿಗೆ ಬರುವುದು, ಬಾರದಿರುವುದು ಬರೀ ಆಕಸ್ಮಿಕ. ಈ ವರದಿಯ ಮೇಲೆ ಔಷಧ ಬದಲಿಸುವುದಿಲ್ಲ. ಮುಂದಿನ ಪರೀಕ್ಷೆಯನ್ನು ಮಾಮೂಲಿ ಸಮಯಕ್ಕೇ ಮಾಡಿಸಿ.

ಪ್ರಶ್ನೆ: ಚಿಕಿತ್ಸೆ ಶುರುಮಾಡುವ ಮುಂಚೆ 2,40,000 ಇತ್ತು, ಪಕ್ಕದಲ್ಲಿ ‘ಲಾಗ್ 5.38’ ಎಂದು ಬರೆದಿತ್ತು. ಆರು ವಾರ ಬಿಟ್ಟು ಮಾಡಿಸಿದಾಗ 900, ‘ಲಾಗ್ 2.95’. ವೈದ್ಯರು ತುಂಬಾ ಚೆನ್ನಾಗಿದೆ ಅಂದರು. ಇನ್ನೂ 900 ಇದ್ದರೆ ಚೆನ್ನಾಗಿರುವುದು ಹೇಗೆ? ಈ ಲಾಗ್ ಏನು?

ಉತ್ತರ: ಹತ್ತನ್ನು ಎಷ್ಟು ಸಲ ಗುಣಿಸಿದರೆ ಆ ಸಂಖ್ಯೆ ಬರುತ್ತದೆ ಎಂಬುದೇ ಲಾಗ್. 100ಕ್ಕೆ ಲಾಗ್ 2, 1000ಕ್ಕೆ 3, 10,000ಕ್ಕೆ 4, ಒಂದು ಲಕ್ಷಕ್ಕೆ 5. ಒಂದು ಲಾಗ್ ಇಳಿದರೆ ಹತ್ತರಲ್ಲಿ ಒಂಬತ್ತು ಪಾಲು ಹೋಯಿತು. ಎರಡು ಲಾಗ್ ಇಳಿದರೆ ನೂರರಲ್ಲಿ 99. ನಿಮ್ಮದು ಸುಮಾರು 2.4 ಲಾಗ್ ಇಳಿದಿದೆ, ಅಂದರೆ 260ಕ್ಕೂ ಹೆಚ್ಚು ಪಟ್ಟು. ವೈದ್ಯರು ನೋಡಿದ್ದು ಉಳಿದ 900 ಅನ್ನಲ್ಲ, ಈ ಇಳಿತವನ್ನು.

ಇಳಿತ ಎರಡು ಹಂತದಲ್ಲಿ ಆಗುತ್ತದೆ. ವೈರಸ್ಸನ್ನು ಭರದಿಂದ ತಯಾರಿಸುವ ಜೀವಕೋಶಗಳು ಒಂದೆರಡು ದಿನದಲ್ಲೇ ಸಾಯುತ್ತವೆ. ಔಷಧ ಹೊಸ ಕೋಶಗಳಿಗೆ ಸೋಂಕು ತಗುಲದಂತೆ ತಡೆಯುವುದರಿಂದ ಮೊದಲ ವಾರಗಳಲ್ಲಿ ಸಂಖ್ಯೆ ಧಡಧಡನೆ ಕುಸಿಯುತ್ತದೆ. ಆಮೇಲೆ ಉಳಿಯುವುದು ಹೆಚ್ಚು ದಿನ ಬದುಕುವ ಸೋಂಕಿತ ಕೋಶಗಳು. ಅವು ನಿಧಾನವಾಗಿ ಕರಗುತ್ತವೆ. ನಾಲ್ಕು ವಾರದಲ್ಲಿ ಕನಿಷ್ಠ ಒಂದು ಲಾಗ್ ಇಳಿಯಬೇಕು ಎಂಬುದು ಹಳೆಯ ಲೆಕ್ಕ. ಡೊಲುಟೆಗ್ರಾವಿರ್ ಎಂಬ ಔಷಧ ಇರುವ ಚಿಕಿತ್ಸೆಯಲ್ಲಿ ಇನ್ನೂ ಬೇಗ ಇಳಿಯುತ್ತದೆ. ಬಹಳಷ್ಟು ಮಂದಿ ಮೂರು ತಿಂಗಳೊಳಗೆ 50ರ ಕೆಳಗೆ ಬರುತ್ತಾರೆ. ಶುರುವಿನ ಸಂಖ್ಯೆ ಹಲವು ಲಕ್ಷ ಇದ್ದವರಿಗೆ ತುಸು ತಡವಾಗುವುದುಂಟು.

ಒಂದು ಮಾತು ಗುರುತಿಟ್ಟುಕೊಳ್ಳಿ: ಎರಡು ವರದಿಗಳ ನಡುವೆ 0.5 ಲಾಗ್, ಅಂದರೆ ಸುಮಾರು ಮೂರು ಪಟ್ಟು ವ್ಯತ್ಯಾಸ ಬಂದರೆ ಮಾತ್ರ ಅದು ನಿಜವಾದ ಬದಲಾವಣೆ. 8,000 ಇದ್ದದ್ದು 14,000 ಆಯಿತೆಂದು ಕಂಗಾಲಾಗಬೇಡಿ, 14,000 ಇದ್ದದ್ದು 8,000ಕ್ಕೆ ಇಳಿಯಿತೆಂದು ಹಿಗ್ಗಲೂ ಬೇಡಿ. ಪರೀಕ್ಷೆಯ ಸಹಜ ಏರಿಳಿತವೇ ಅಷ್ಟಿರುತ್ತದೆ.

ಪ್ರಶ್ನೆ: ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕೇ? ಆ ದಿನದ ಮಾತ್ರೆ ಬಿಡಬೇಕೇ?

ಉತ್ತರ: ಎರಡೂ ಬೇಡ. ಊಟ ಮಾಡಿ, ಮಾತ್ರೆಯನ್ನು ಎಂದಿನ ಹೊತ್ತಿಗೇ ನುಂಗಿ, ಯಾವ ಸಮಯಕ್ಕಾದರೂ ಹೋಗಿ. ಜ್ವರ ಬಂದು ಈಗಷ್ಟೇ ಎದ್ದಿದ್ದರೆ ಅಥವಾ ಯಾವುದೋ ಲಸಿಕೆ ಹಾಕಿಸಿಕೊಂಡು ಹೆಚ್ಚು ದಿನ ಆಗಿರದಿದ್ದರೆ ಮೊದಲೇ ತಿಳಿಸಿ. ದೇಹದ ರೋಗನಿರೋಧಕ ಕೋಶಗಳು ಎಚ್ಚೆತ್ತ ಹೊತ್ತಿನಲ್ಲಿ ಸಂಖ್ಯೆ ಸ್ವಲ್ಪ ಮೇಲೇಳುವುದುಂಟು; ಅವಸರವಿಲ್ಲದಿದ್ದರೆ ನಾಲ್ಕು ವಾರ ಮುಂದೂಡಬಹುದು. ಆದರೆ ಇದನ್ನೇ ನೆಪ ಮಾಡಿಕೊಂಡು ಪರೀಕ್ಷೆಯನ್ನು ವರ್ಷಗಟ್ಟಲೆ ತಳ್ಳಬೇಡಿ.

ಪ್ರಶ್ನೆ: ನಾನು ಲ್ಯಾಬ್ ಟೆಕ್ನಿಷಿಯನ್. ನಮ್ಮಲ್ಲಿ ರಕ್ತ ತೆಗೆದು, ದೂರದ ಲ್ಯಾಬ್‌ಗೆ ಕಳಿಸುತ್ತೇವೆ. ಸ್ಯಾಂಪಲ್‌ಗಳು ಆಗಾಗ ತಿರಸ್ಕೃತವಾಗಿ ವಾಪಸ್ ಬರುತ್ತವೆ. ಕೆಲವೊಮ್ಮೆ ವರ್ಷಗಳಿಂದ ಚೆನ್ನಾಗಿದ್ದವರಿಗೂ ನಾಲ್ಕೈದು ನೂರು ಕಾಪಿ ಬರುತ್ತಿದೆ. ಎಲ್ಲಿ ಎಡವುತ್ತಿದ್ದೇವೆ?

ಉತ್ತರ: ಇಂಥ ತೊಂದರೆಗಳಲ್ಲಿ ಬಹುಪಾಲು ಹುಟ್ಟುವುದು ರಕ್ತ ತೆಗೆಯುವ ಮೇಜು ಮತ್ತು ಸೆಂಟ್ರಿಫ್ಯೂಜ್ ನಡುವೆ. ಆರ್‌ಎನ್‌ಎಯನ್ನು ವೃದ್ಧಿಸಿ ಎಣಿಸುವ ಪಿಸಿಆರ್ ಯಂತ್ರವನ್ನು ಅನುಮಾನಿಸುವ ಮೊದಲು ನಿಮ್ಮ ಕಡೆಯದನ್ನು ಪರೀಕ್ಷಿಸಿಕೊಳ್ಳಿ.

ಮೊದಲು ಟ್ಯೂಬ್. ಬೇಕಾದ್ದು ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್. ಹಸಿರು ಮುಚ್ಚಳದ ಹೆಪರಿನ್ ಟ್ಯೂಬ್ ಆಗದು; ಹೆಪರಿನ್ ಪಿಸಿಆರ್ ಕ್ರಿಯೆಯನ್ನೇ ಕಟ್ಟಿಹಾಕುತ್ತದೆ. ಟ್ಯೂಬ್ ಮೇಲಿನ ಗೆರೆಯವರೆಗೆ ರಕ್ತ ತುಂಬಿ, ಕೂಡಲೇ 8ರಿಂದ 10 ಸಲ ಮೆಲ್ಲಗೆ ತಲೆಕೆಳಗು ಮಾಡಿ. ಕುಲುಕಬೇಡಿ. ಕುಲುಕಿದರೆ ಕೆಂಪು ರಕ್ತಕಣ ಒಡೆಯುತ್ತವೆ, ಕಲಕದಿದ್ದರೆ ಹೆಪ್ಪುಗಟ್ಟುತ್ತದೆ. ತಿರಸ್ಕೃತ ಸ್ಯಾಂಪಲ್‌ಗಳ ಪಟ್ಟಿಯಲ್ಲಿ ಯಾವಾಗಲೂ ಕಾಣುವ ಎರಡು ಕಾರಣ ಇವೇ. ಮೂರನೆಯದು ಇನ್ನೂ ಸಣ್ಣ ವಿಷಯ: ಟ್ಯೂಬ್ ಮೇಲೊಂದು ಸಂಖ್ಯೆ, ಫಾರ್ಮ್ ಮೇಲೆ ಇನ್ನೊಂದು. ಲೇಬಲ್ಲನ್ನು ರೋಗಿ ಎದುರಿಗಿರುವಾಗಲೇ ಅಂಟಿಸಿ.

ಆಮೇಲೆ ಸಮಯ. ಕೋಣೆಯ ಉಷ್ಣತೆ 25 ಡಿಗ್ರಿ ದಾಟದಂತಿದ್ದರೆ, ಸಾಮಾನ್ಯವಾಗಿ 24 ಗಂಟೆಯೊಳಗೆ ಪ್ಲಾಸ್ಮಾ ಬೇರ್ಪಡಿಸಬೇಕು; ಕೆಲವು ಕಿಟ್‌ಗಳಿಗೆ ಈ ಗಡುವು ಇನ್ನೂ ಬಿಗಿ. ಕಿಟ್ ಜೊತೆ ಬರುವ ಹಾಳೆಯಲ್ಲಿರುವುದೇ ಕೊನೆಯ ಮಾತು. ಬೇರ್ಪಡಿಸದ ರಕ್ತವನ್ನು ಫ್ರೀಜರಿಗೆ ಹಾಕಲೇಬೇಡಿ. ಕಣಗಳು ಒಡೆದು ಎಲ್ಲ ಕಲಸಿಹೋಗುತ್ತದೆ. ಸೆಂಟ್ರಿಫ್ಯೂಜನ್ನು 1000ದಿಂದ 2000 ಜಿ ಬಲದಲ್ಲಿ 10–15 ನಿಮಿಷ ತಿರುಗಿಸಿ. ಇಲ್ಲಿ ಬಲಕ್ಕೂ ಸುತ್ತಿನ ವೇಗಕ್ಕೂ ಗೊಂದಲವಾಗುತ್ತದೆ: ಒಂದೇ ವೇಗಕ್ಕೆ ಚಿಕ್ಕ ರೋಟರಿನಲ್ಲಿ ಬಲ ಕಡಿಮೆ, ದೊಡ್ಡದರಲ್ಲಿ ಹೆಚ್ಚು.

ನಿಮ್ಮ ನಾಲ್ಕೈದು ನೂರರ ಒಗಟಿಗೆ ಉತ್ತರ ಬಹುಶಃ ಮುಂದಿನ ಹೆಜ್ಜೆಯಲ್ಲಿದೆ. ತಿರುಗಿಸಿದ ಟ್ಯೂಬಿನಲ್ಲಿ ಪ್ಲಾಸ್ಮಾದ ಕೆಳಗೆ, ಕೆಂಪು ಕಣಗಳ ಮೇಲೆ ಬಿಳಿಯ ತೆಳು ಪದರ ಇರುತ್ತದಲ್ಲ, ಅದು ಬಿಳಿ ರಕ್ತಕಣಗಳದು. ಸೋಂಕಿತ ಕೋಶಗಳೂ, ಅವುಗಳೊಳಗೆ ಅಡಗಿರುವ ವೈರಸ್ಸಿನ ಡಿಎನ್‌ಎ ಮತ್ತು ಆರ್‌ಎನ್‌ಎ ಕೂಡ ಅಲ್ಲೇ. ಕೊನೆಯ ಹನಿಯೂ ಬರಲಿ ಎಂದು ಪಿಪೆಟನ್ನು ಆ ಪದರದವರೆಗೆ ಇಳಿಸಿದರೆ ಅದೂ ಎದ್ದು ಬರುತ್ತದೆ, ಸಂಖ್ಯೆ ಸುಳ್ಳಾಗಿ ಏರುತ್ತದೆ. ಪದರದ ಮೇಲೆ ಅರ್ಧ ಸೆಂಟಿಮೀಟರಿನಷ್ಟು ಪ್ಲಾಸ್ಮಾ ಬಿಟ್ಟುಬಿಡಿ.

ಜೆಲ್ ಇರುವ ಪಿಪಿಟಿ ಟ್ಯೂಬ್ ಬಳಸುತ್ತಿದ್ದರೆ ಇದೇ ಸಮಸ್ಯೆ ಬೇರೆ ವೇಷದಲ್ಲಿ ಬರುತ್ತದೆ. ತಿರುಗಿಸಿದ ಮೇಲೆ ಪ್ಲಾಸ್ಮಾವನ್ನು ಜೆಲ್ ಮೇಲೆಯೇ ಬಿಟ್ಟು ಟ್ಯೂಬನ್ನು ಹಾಗೇ ಹೆಪ್ಪುಗಟ್ಟಿಸಿದರೆ ಸಂಖ್ಯೆ ಏರಿ ಬರುತ್ತದೆ. ಪ್ಲಾಸ್ಮಾವನ್ನು ಬೇರೆ ಕ್ರಯೋ ಟ್ಯೂಬಿಗೆ ವರ್ಗಾಯಿಸಿಯೇ ಫ್ರೀಜ್ ಮಾಡಿ. ಬೇರ್ಪಡಿಸಿದ ಪ್ಲಾಸ್ಮಾ 2–8 ಡಿಗ್ರಿಯಲ್ಲಿ ಸಾಮಾನ್ಯವಾಗಿ 5 ದಿನ ಇರುತ್ತದೆ. ಹೆಚ್ಚು ಕಾಲಕ್ಕೆ ಮೈನಸ್ 70 ಅಥವಾ ಅದಕ್ಕಿಂತ ತಣ್ಣಗೆ ಇಡಬೇಕು. ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಆರ್‌ಎನ್‌ಎ ಹಾಳಾಗಿ ಸಂಖ್ಯೆ ಕಡಿಮೆ ಬರುತ್ತದೆ. ತಪ್ಪು ಎರಡು ದಿಕ್ಕಿಗೂ ಆಗುತ್ತದೆ ಎಂಬುದು ನೆನಪಿರಲಿ: ಕೋಶ ಬೆರೆತರೆ ಏರಿಕೆ, ತಡ ಮತ್ತು ಬಿಸಿಯಿಂದ ಇಳಿಕೆ. ಇಳಿಕೆಯ ತಪ್ಪು ಹೆಚ್ಚು ಅಪಾಯಕಾರಿ, ಏಕೆಂದರೆ ಒಳ್ಳೆಯ ವರದಿಯನ್ನು ಯಾರೂ ಮರುಪರೀಕ್ಷೆಗೆ ಕಳಿಸುವುದಿಲ್ಲ.

ಪ್ಲಾಸ್ಮಾ ಕಡಿಮೆ ಕಳಿಸಿದರೂ ವರದಿ ಬದಲಾಗುತ್ತದೆ. ಉದಾಹರಣೆಗೆ, ಅಬಾಟ್ ರಿಯಲ್‌ಟೈಮ್ ಪರೀಕ್ಷೆಯಲ್ಲಿ 0.6 ಮಿ.ಲೀ. ಪ್ಲಾಸ್ಮಾ ಹಾಕಿದರೆ 40 ಕಾಪಿಯವರೆಗೆ ಹಿಡಿಯಬಹುದು, 0.2 ಮಿ.ಲೀ. ಮಾತ್ರ ಇದ್ದರೆ ಮಿತಿ 150ಕ್ಕೆ ಏರುತ್ತದೆ. ಜೀನ್‌ಎಕ್ಸ್‌ಪರ್ಟ್ ಕಾರ್ಟ್ರಿಜ್‌ಗೆ 1 ಮಿ.ಲೀ. ಬೇಕು, ಒಂದೂವರೆ ಗಂಟೆಯಲ್ಲಿ ಫಲಿತಾಂಶ ಬರುತ್ತದೆ ನಿಜ, ಆದರೆ ಅರ್ಧ ಮಿ.ಲೀ. ಹಾಕಿ ಅದೇ ಫಲಿತಾಂಶ ನಿರೀಕ್ಷಿಸುವಂತಿಲ್ಲ.

ಸೆಂಟ್ರಿಫ್ಯೂಜ್, ಫ್ರಿಜ್ ಎರಡೂ ಇಲ್ಲದ ಕಡೆ ಒಣ ರಕ್ತದ ಕಾರ್ಡ್ ಬಳಸುತ್ತಾರೆ. ವೃತ್ತಗಳೊಳಗೆ, ಒಂದೊಂದಕ್ಕೆ ಸುಮಾರು 70 ಮೈಕ್ರೋಲೀಟರ್, ಒಂದೇ ಸಲಕ್ಕೆ ತುಂಬಬೇಕು; ಅರ್ಧ ತುಂಬಿದ ವೃತ್ತದ ಮೇಲೆ ಮತ್ತೊಂದು ಹನಿ ಹಾಕಿದರೆ ಕಾರ್ಡ್ ಕೆಟ್ಟಿತು. ಕನಿಷ್ಠ 4 ಗಂಟೆ, ಸಾಧ್ಯವಾದರೆ ರಾತ್ರಿಯಿಡೀ, ನೆರಳಿನಲ್ಲಿ ಒಣಗಿಸಿ. ಬಿಸಿಲೂ ಬೇಡ, ಹೇರ್ ಡ್ರೈಯರೂ ಬೇಡ. ಒಂದರ ಮೇಲೊಂದು ಪೇರಿಸದೆ, ನಡುವೆ ಗ್ಲಾಸಿನ್ ಕಾಗದ ಇಟ್ಟು, ತೇವ ಹೀರುವ ಪುಡಿಯ ಪೊಟ್ಟಣ ಮತ್ತು ತೇವಾಂಶ ಸೂಚಕ ಕಾರ್ಡಿನ ಜೊತೆ ಜಿಪ್ ಚೀಲಕ್ಕೆ ಹಾಕಿ. ಸೂಚಕ ನೀಲಿಯಿಂದ ಗುಲಾಬಿಗೆ ತಿರುಗಿದರೆ ಪೊಟ್ಟಣ ಬದಲಿಸಿ. ಆದರೆ ಕಾರ್ಡಿನಲ್ಲಿರುವುದು ಇಡೀ ರಕ್ತ. ಕೋಶದೊಳಗಿನ ವೈರಸ್ ಅಂಶವೂ ಲೆಕ್ಕಕ್ಕೆ ಸೇರುತ್ತದೆ, ರಕ್ತದ ಪ್ರಮಾಣವೂ ತೀರಾ ಕಡಿಮೆ. ಆದ್ದರಿಂದ ಕಾರ್ಡ್‌ನ ಫಲಿತಾಂಶದಿಂದ 1000ಕ್ಕಿಂತ ಮೇಲೋ ಕೆಳಗೋ ಎಂದು ಹೇಳಬಹುದೇ ಹೊರತು 50ರ ಸೂಕ್ಷ್ಮ ಚರ್ಚೆ ಸಲ್ಲದು.

ಕೊನೆಗೆ, ‘ಅಸಿಂಧು’ ಎಂಬ ಫಲಿತಾಂಶವನ್ನು ‘ಪತ್ತೆಯಾಗಿಲ್ಲ’ ಎಂದು ಫೈಲಿಗೆ ಬರೆಯುವುದನ್ನು ದಯವಿಟ್ಟು ನಿಲ್ಲಿಸಿ. ಪ್ರತಿ ಸ್ಯಾಂಪಲ್ ಜೊತೆ ಪರೀಕ್ಷೆ ಸರಿಯಾಗಿ ನಡೆಯಿತೇ ಎಂದು ತಿಳಿಯಲು ಯಂತ್ರ ಒಂದು ಆಂತರಿಕ ಕಂಟ್ರೋಲ್ ಓಡಿಸುತ್ತದೆ. ಅದೇ ಬರದಿದ್ದರೆ ಪರೀಕ್ಷೆಯೇ ಆಗಿಲ್ಲ ಎಂದರ್ಥ.

ಪ್ರಶ್ನೆ: ಸಿಡಿ4 ಎಣಿಕೆ 650 ಇದೆ. ಮತ್ತೆ ವೈರಲ್ ಲೋಡ್ ಯಾಕೆ?

ಉತ್ತರ: ಸಿಡಿ4 ಅಂದರೆ ಎಚ್‌ಐವಿ ದಾಳಿಮಾಡುವ ರೋಗನಿರೋಧಕ ಕೋಶಗಳ ಎಣಿಕೆ. ಔಷಧ ಸೋಲುವಾಗ ಮೊದಲು ಏರುವುದು ವೈರಲ್ ಲೋಡ್. ಸಿಡಿ4 ಇಳಿಯುವುದು ತಿಂಗಳುಗಳ ನಂತರ. ಸಿಡಿ4 ಕಾಯುತ್ತ ಕೂತರೆ ಅಷ್ಟರಲ್ಲಿ ವೈರಸ್ ಔಷಧಕ್ಕೆ ನಿರೋಧ (ಔಷಧ ನಾಟದಂಥ ಶಕ್ತಿ) ಬೆಳೆಸಿಕೊಂಡಿರುತ್ತದೆ. ಈ ಕಾರಣಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2013ರಿಂದ ಚಿಕಿತ್ಸೆಯ ನಿಗಾಕ್ಕೆ ವೈರಲ್ ಲೋಡ್‌ಗೇ ಮೊದಲ ಸ್ಥಾನ ಕೊಟ್ಟಿದೆ: ಚಿಕಿತ್ಸೆ ಶುರುವಾದ 6ನೇ ತಿಂಗಳು, 12ನೇ ತಿಂಗಳು, ಆಮೇಲೆ ವರ್ಷಕ್ಕೊಮ್ಮೆ. ಹಾಗೆಂದು ಸಿಡಿ4 ನಿರುಪಯೋಗಿಯಲ್ಲ. ಚಿಕಿತ್ಸೆ ಶುರುಮಾಡುವಾಗ, ಬಿಟ್ಟುಹೋದವರು ಮರಳಿ ಬಂದಾಗ ಅದು ಬೇಕೇ ಬೇಕು. 200ಕ್ಕಿಂತ ಕಡಿಮೆಯಿದ್ದರೆ ಕ್ಷಯ, ಕ್ರಿಪ್ಟೊಕಾಕಸ್ ಶಿಲೀಂಧ್ರದ ಸೋಂಕು ಮುಂತಾದವನ್ನು ಹುಡುಕಲೇಬೇಕಾಗುತ್ತದೆ.

ಪ್ರಶ್ನೆ: ನಾಲ್ಕು ವರ್ಷ ‘ಪತ್ತೆಯಾಗಿಲ್ಲ’ ಎಂದೇ ಬರುತ್ತಿತ್ತು. ಈಗ 2,300. ತೆಗೆದುಕೊಳ್ಳುತ್ತಿರುವುದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ. ಬೇರೆ ಔಷಧ ಕೊಡಿ ಎಂದರೆ ವೈದ್ಯರು ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಅನ್ನುತ್ತಾರೆ. ಸುಮ್ಮನೆ ಕಾಲ ತಳ್ಳುತ್ತಿದ್ದಾರೆಯೇ?

ಉತ್ತರ: ಆ ಮೂರು ತಿಂಗಳನ್ನು ಸರಿಯಾಗಿ ಬಳಸಿಕೊಂಡರೆ ಅದೇ ಚಿಕಿತ್ಸೆ. ಮಾತ್ರೆ ಬರೆದುಕೊಟ್ಟು ಕಳಿಸಿ ‘ಆಮೇಲೆ ಬನ್ನಿ’ ಎಂದಿದ್ದರೆ ಮಾತ್ರ ನಿಮ್ಮ ದೂರು ನ್ಯಾಯ.

ಡೊಲುಟೆಗ್ರಾವಿರ್‌ಗೆ ನಿರೋಧ ಬೆಳೆಸಿಕೊಳ್ಳುವುದು ವೈರಸ್ಸಿಗೆ ಸುಲಭವಲ್ಲ. ಈ ಔಷಧದಲ್ಲಿದ್ದು ಸಂಖ್ಯೆ ಏರಿದವರಲ್ಲಿ ಹೆಚ್ಚಿನವರಿಗೆ ಕಾರಣ ಔಷಧ ರಕ್ತಕ್ಕೆ ಸಾಕಷ್ಟು ಸೇರದಿರುವುದೇ ಹೊರತು ವೈರಸ್ ಬದಲಾದದ್ದಲ್ಲ. ಹಾಗೆಂದು ನಿರೋಧ ಇಲ್ಲವೇ ಇಲ್ಲ ಎನ್ನುವಂತಿಲ್ಲ: ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಲ್ಲಿ ಡೊಲುಟೆಗ್ರಾವಿರ್ ನಿರೋಧ ಶೇ 3.9ರಿಂದ 8.6ರಷ್ಟು ಕಂಡಿದೆ; ಸಂಖ್ಯೆ ಹೆಚ್ಚಿರುವಾಗಲೇ ಹಳೆಯ ಔಷಧದಿಂದ ಇದಕ್ಕೆ ಬದಲಾದವರಲ್ಲಿ ಶೇ 19.6ರವರೆಗೂ ಹೋಗಿದೆ. ನೀವು ಹಾಗೆ ಬದಲಾದವರಾಗಿದ್ದರೆ ವೈದ್ಯರಿಗೆ ಖಂಡಿತ ನೆನಪಿಸಿ.

ಮೊದಲ ಕೆಲಸ ಮಾತ್ರೆಯ ಲೆಕ್ಕ. ಕೊಟ್ಟದ್ದು 30, ಮೂವತ್ತನೇ ದಿನಕ್ಕೆ ಡಬ್ಬಿಯಲ್ಲಿ 4 ಉಳಿದಿದ್ದರೆ ನುಂಗಿದ್ದು ಶೇ 87. ಆಪ್ತಸಮಾಲೋಚಕರ ಮುಂದೆ ಇದನ್ನು ಮುಚ್ಚಿಟ್ಟರೆ ನಷ್ಟ ನಿಮಗೇ. ‘ತಪ್ಪಿಸುತ್ತೀರಾ?’ ಎಂಬ ಪ್ರಶ್ನೆಗೆ ಎಲ್ಲರೂ ‘ಇಲ್ಲ’ ಅನ್ನುತ್ತಾರೆ. ಯಾವ ದಿನ ತಪ್ಪಿತು ಎಂದು ನೆನಪಿಸಿಕೊಂಡರೆ ಕಾರಣ ಸಿಗುತ್ತದೆ: ರಾತ್ರಿ ಪಾಳಿ, ಪ್ರಯಾಣ, ಮನೆಗೆ ನೆಂಟರು ಬಂದಾಗ ಡಬ್ಬಿ ಹೊರತೆಗೆಯಲಾಗದಿದ್ದದ್ದು, ಕುಡಿತ, ಖಿನ್ನತೆ. ಒಂದೊಂದಕ್ಕೂ ಪರಿಹಾರ ಬೇರೆ. ಗುಟ್ಟು ಕಾಯುವ ತೊಂದರೆಯಿರುವವರಿಗೆ ಅಲಾರಂ ಇಟ್ಟು ಉಪಯೋಗವಿಲ್ಲ.

ಎರಡನೆಯದು, ಒಂದು ದಿನವೂ ತಪ್ಪಿಸದವರಲ್ಲೂ ಆಗುವ ಎಡವಟ್ಟು. ಕ್ಯಾಲ್ಸಿಯಂ, ಕಬ್ಬಿಣ, ಸತು ಇರುವ ಮಾತ್ರೆಗಳೂ, ಅಲ್ಯೂಮಿನಿಯಂ ಅಥವಾ ಮೆಗ್ನೀಸಿಯಂ ಇರುವ ಆಂಟಾಸಿಡ್‌ಗಳೂ ಹೊಟ್ಟೆಯಲ್ಲೇ ಡೊಲುಟೆಗ್ರಾವಿರ್‌ಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ಮಾಡುತ್ತವೆ. ಎಚ್‌ಐವಿ ಮಾತ್ರೆಯನ್ನು ಇವುಗಳಿಗಿಂತ 2 ಗಂಟೆ ಮುಂಚೆ, ಇಲ್ಲವೇ 6 ಗಂಟೆ ನಂತರ ತೆಗೆದುಕೊಳ್ಳಿ. ಕ್ಯಾಲ್ಸಿಯಂ, ಕಬ್ಬಿಣವಾದರೆ ಊಟದ ಜೊತೆ ಎಲ್ಲವನ್ನೂ ಒಟ್ಟಿಗೇ ನುಂಗಬಹುದು. ಆಂಟಾಸಿಡ್‌ಗೆ ಈ ರಿಯಾಯಿತಿ ಇಲ್ಲ. ಎದೆಯುರಿಗೆಂದು ನೀವೇ ಕೊಂಡು ಕುಡಿಯುವ ಆಂಟಾಸಿಡ್ ಬಗ್ಗೆ ವೈದ್ಯರು ಕೇಳಿರುವುದಿಲ್ಲ, ನೀವೂ ಹೇಳಿರುವುದಿಲ್ಲ.

ಮೂರನೆಯದು, ಬೇರೆ ಕಾಯಿಲೆಯ ಔಷಧಗಳು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಕಾರ್ಬಮಜೆಪೈನ್ ಡೊಲುಟೆಗ್ರಾವಿರ್‌ನ ಮಟ್ಟವನ್ನು ಇಳಿಸುತ್ತವೆ. ಆಗ ದಿನಕ್ಕೆ ಒಂದರ ಬದಲು 50 ಮಿ.ಗ್ರಾಂ.ನ ಡೊಲುಟೆಗ್ರಾವಿರ್ 12 ಗಂಟೆ ಅಂತರದಲ್ಲಿ ಎರಡು ಬೇಕು. ರಿಫಾಂಪಿಸಿನ್ ನಿಲ್ಲಿಸಿದ ಮೇಲೂ ಎರಡು ವಾರ ಹಾಗೇ ಮುಂದುವರಿಸಬೇಕು. ಮಾತ್ರೆ ನುಂಗಿದ ಕೂಡಲೇ ವಾಂತಿ, ಬಿಡದ ಭೇದಿ ಇದ್ದರೆ ಅದನ್ನೂ ಹೇಳಿ.

ಇವನ್ನೆಲ್ಲ ಸರಿಪಡಿಸಿ, ಮೂರು ತಿಂಗಳು ನಿಷ್ಠೆಯಿಂದ ಮಾತ್ರೆ ನುಂಗಿದ ಮೇಲೆ ಮಾಡುವ ಪರೀಕ್ಷೆಗೆ ಅರ್ಥವಿದೆ. ಔಷಧ ಕೆಲಸ ಮಾಡುತ್ತಿದ್ದರೆ 2,300 ಅಷ್ಟರಲ್ಲಿ 50ರ ಕೆಳಗೆ ಹೋಗಿರುತ್ತದೆ. ಮತ್ತೆ 1000 ದಾಟಿದ್ದರೆ ಔಷಧ ಬದಲಿಸುವ ಮಾತು, ಅದಕ್ಕೆ ಮುಂಚೆ ಸಾಧ್ಯವಿರುವ ಕಡೆ ನಿರೋಧ ಪರೀಕ್ಷೆ. ಅದಕ್ಕೆ ರಕ್ತ ಕೊಡುವಾಗ ಮಾತ್ರೆ ನಿಲ್ಲಿಸಿರಬಾರದು. ನಿಲ್ಲಿಸಿ ಕೆಲವು ವಾರ ಕಳೆದರೆ ನಿರೋಧವಿಲ್ಲದ ಮೂಲ ವೈರಸ್ ಮತ್ತೆ ಮೇಲುಗೈ ಪಡೆಯುತ್ತದೆ, ನಿರೋಧವಿರುವುದು ಮರೆಗೆ ಸರಿಯುತ್ತದೆ, ಪರೀಕ್ಷೆ ‘ಎಲ್ಲ ಔಷಧವೂ ನಾಟುತ್ತದೆ’ ಎಂದು ಸುಳ್ಳು ಹೇಳುತ್ತದೆ. ಎಫಾವಿರೆನ್ಜ್, ನೆವಿರಾಪಿನ್‌ನಂಥ ಹಳೆಯ ಔಷಧದಲ್ಲಿರುವವರ ಮಾತು ಬೇರೆ. ಅವುಗಳಿಗೆ ಒಂದೇ ರೂಪಾಂತರದಿಂದ ನಿರೋಧ ಹುಟ್ಟುತ್ತದೆ. 1000 ದಾಟಿದರೆ ಎರಡನೇ ಪರೀಕ್ಷೆಗೆ ಕಾಯದೆ ಔಷಧ ಬದಲಿಸಲು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಅವಕಾಶ ಕೊಟ್ಟಿದೆ.

ಪ್ರಶ್ನೆ: ಒಂದು ಲ್ಯಾಬ್‌ನಲ್ಲಿ 35, ಎರಡು ವಾರ ಬಿಟ್ಟು ಇನ್ನೊಂದರಲ್ಲಿ 110. ಯಾವುದನ್ನು ನಂಬಲಿ?

ಉತ್ತರ: ಎರಡನ್ನೂ ನಂಬಬಹುದು, ಹೋಲಿಸಬಾರದು ಅಷ್ಟೇ. ಯಂತ್ರ ಬದಲಾದರೆ ಗುರಿ ಮಾಡುವ ಆರ್‌ಎನ್‌ಎ ಭಾಗವೇ ಬೇರೆಯಿರಬಹುದು, ಕೆಳಮಿತಿಯ ಆಸುಪಾಸಿನಲ್ಲಿ ಏರಿಳಿತವೂ ಹೆಚ್ಚು. ಒಮ್ಮೆ 50 ದಾಟಿ, ಮುಂದಿನ ಸಲ ತಾನೇ ಇಳಿದುಹೋಗುವ ಪುಟ್ಟ ಏರಿಕೆಗೆ ‘ಬ್ಲಿಪ್’ ಎನ್ನುತ್ತಾರೆ. ಮಾತ್ರೆ ತಪ್ಪಿಸದವರಲ್ಲೂ ಕಾಣುತ್ತದೆ. 110ನ್ನು ಕಡೆಗಣಿಸಬೇಡಿ, ಅದರ ಹಿಂದೆ ಓಡಲೂ ಬೇಡಿ: ಮೂರು ತಿಂಗಳಿಗೆ, ಒಂದೇ ಲ್ಯಾಬ್‌ನಲ್ಲಿ, ಮತ್ತೊಮ್ಮೆ. ಪದೇ ಪದೇ 50 ಮತ್ತು 1000ದ ನಡುವೆಯೇ ನಿಂತರೆ ಹಿಂದಿನ ಉತ್ತರದಲ್ಲಿ ಹೇಳಿದ ಹುಡುಕಾಟ ನಿಮಗೂ ಬೇಕು.

ಪ್ರಶ್ನೆ: ನನ್ನ ಗಂಡನಿಗೆ ಎಚ್‌ಐವಿ ಇದೆ, ನನಗಿಲ್ಲ. ಎರಡು ವರ್ಷದಿಂದ ಅವರ ವೈರಲ್ ಲೋಡ್ ಪತ್ತೆಯಾಗುತ್ತಿಲ್ಲ. ಇನ್ನು ನನಗೆ ಹರಡುವುದೇ ಇಲ್ಲ ಎಂದು ಸಮಾಲೋಚಕರು ಹೇಳಿದರು. ಇದು ಸಮಾಧಾನಕ್ಕೆ ಹೇಳಿದ ಮಾತೇ?

ಉತ್ತರ: ಸಮಾಧಾನಕ್ಕಲ್ಲ, ಲೆಕ್ಕವಿಟ್ಟು ಹೇಳಿದ್ದು. 2016ರಲ್ಲಿ ಪ್ರಕಟವಾದ ‘ಪಾರ್ಟ್ನರ್’ ಅಧ್ಯಯನದಲ್ಲಿ ನಿಮ್ಮಂಥ ಜೋಡಿಗಳ ನಡುವೆ ಕಾಂಡೋಮ್ ಇಲ್ಲದ ಸುಮಾರು 58,000 ಲೈಂಗಿಕ ಸಂಪರ್ಕಗಳಾದವು. 2019ರ ಎರಡನೇ ಹಂತ ಪುರುಷ ಜೋಡಿಗಳದ್ದು. ಅಲ್ಲಿ ಸುಮಾರು 76,000. ವೈರಲ್ ಲೋಡ್ 200ರ ಕೆಳಗಿದ್ದ ಸಂಗಾತಿಯಿಂದ ಹರಡಿದ್ದು ಒಂದೂ ಇಲ್ಲ. ಎರಡನೇ ಹಂತದಲ್ಲಿ 15 ಮಂದಿಗೆ ಸೋಂಕು ತಗುಲಿತು ನಿಜ, ಆದರೆ ವೈರಸ್ಸಿನ ವಂಶವಾಹಿ ಹೋಲಿಸಿದಾಗ ಎಲ್ಲವೂ ಹೊರಗಿನಿಂದ ಬಂದವು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಸ್ಪಷ್ಟವಾಗಿ ಹೇಳಿತು: ವೈರಸ್ ಪತ್ತೆಯಾಗದ ಮಟ್ಟದಲ್ಲಿದ್ದರೆ ಸಂಗಾತಿಗೆ ಲೈಂಗಿಕವಾಗಿ ಹರಡುವ ಅಪಾಯ ಶೂನ್ಯ, ಪತ್ತೆಯಾದರೂ 1000 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಇಲ್ಲವೆನ್ನುವಷ್ಟು ಕಡಿಮೆ.

ಈ ಭರವಸೆ ನಿಂತಿರುವುದು ದಿನದ ಮಾತ್ರೆಯ ಮೇಲೆ, ಹಳೆಯ ವರದಿಯ ಮೇಲಲ್ಲ. ಅವರು ಮಾತ್ರೆ ಬಿಟ್ಟರೆ ಕೆಲವೇ ವಾರದಲ್ಲಿ ವೈರಸ್ ಮರಳುತ್ತದೆ, ಕೈಯಲ್ಲಿರುವ ವರದಿ ಮಾತ್ರ ‘ಪತ್ತೆಯಾಗಿಲ್ಲ’ ಎಂದೇ ಹೇಳುತ್ತಿರುತ್ತದೆ. ಸಿಫಿಲಿಸ್, ಗೊನೋರಿಯಾದಂಥ ಬೇರೆ ಸೋಂಕಿನಿಂದ ಇದು ಕಾಪಾಡುವುದಿಲ್ಲ. ಹಂಚಿಕೊಂಡ ಸೂಜಿಗೂ ಈ ಮಾತನ್ನು ಅನ್ವಯಿಸಬೇಡಿ.

ಪ್ರಶ್ನೆ: ನಾನು ಐದು ತಿಂಗಳ ಗರ್ಭಿಣಿ. ಮೂರು ವರ್ಷದಿಂದ ಎಆರ್‌ಟಿ (ಎಚ್‌ಐವಿ ಔಷಧ) ತೆಗೆದುಕೊಳ್ಳುತ್ತಿದ್ದೇನೆ. ಮೊದಲ ತಪಾಸಣೆಯಲ್ಲಿ ವೈರಲ್ ಲೋಡ್ ಸರಿಯಿತ್ತು. ಹೆರಿಗೆಗೆ ಮುಂಚೆ ಇನ್ನೊಮ್ಮೆ ಬೇಕು ಅನ್ನುತ್ತಾರೆ. ಸಿಡಿ4 ಬೇರೆ ಸ್ವಲ್ಪ ಇಳಿದಿದೆ.

ಉತ್ತರ: ಮೊದಲು ಸಿಡಿ4 ಚಿಂತೆ ಬಿಡಿ. ಗರ್ಭಿಣಿಯರಲ್ಲಿ ರಕ್ತದ ದ್ರವಭಾಗ ಹೆಚ್ಚುವುದರಿಂದ ಎಣಿಕೆ ಇಳಿದಂತೆ ಕಾಣುತ್ತದೆ; ಶೇಕಡಾವಾರು ಹೆಚ್ಚು ಕಡಿಮೆ ಹಾಗೇ ಇರುತ್ತದೆ.

ಇನ್ನೊಂದು ವೈರಲ್ ಲೋಡ್ ಮಾತ್ರ ತಪ್ಪಿಸಬೇಡಿ. 34ರಿಂದ 36ನೇ ವಾರದೊಳಗೆ ರಕ್ತ ಕೊಡಬೇಕು, ವರದಿ ಹೆರಿಗೆಗೆ ಮುಂಚೆ ಕೈಗೆ ಬರಬೇಕು. ಮಗುವಿಗೆ ಹುಟ್ಟಿದ ಕೂಡಲೇ ಎಂಥ ತಡೆ ಔಷಧ ಕೊಡಬೇಕು ಎಂಬುದು ಅದರ ಮೇಲೆ ನಿಂತಿದೆ. ಹೆರಿಗೆಗೆ ಮುಂಚಿನ ನಾಲ್ಕು ವಾರದಲ್ಲಿ 1000ಕ್ಕಿಂತ ಹೆಚ್ಚಿದ್ದರೆ ಮಗುವನ್ನು ಹೆಚ್ಚಿನ ಅಪಾಯದ ಗುಂಪಿಗೆ ಸೇರಿಸಿ, ಒಂದರ ಬದಲು ಒಂದಕ್ಕಿಂತ ಹೆಚ್ಚು ಔಷಧ ಕೊಡುತ್ತಾರೆ. ಹೆರಿಗೆ ಯಾವ ವಿಧಾನದಲ್ಲಿ ಎಂಬ ಚರ್ಚೆಯೂ ಬರಬಹುದು.

ನಿಮಗೆ ಈಗ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಕೊಟ್ಟಿರುತ್ತಾರೆ. ನಿಮ್ಮ ಎಚ್‌ಐವಿ ಮಾತ್ರೆಯಲ್ಲಿ ಡೊಲುಟೆಗ್ರಾವಿರ್ ಇದ್ದರೆ ಮೇಲೆ ಹೇಳಿದ 2 ಗಂಟೆ–6 ಗಂಟೆಯ ನಿಯಮ ಓದಿ, ಇಲ್ಲವೇ ಮೂರನ್ನೂ ಊಟದ ಜೊತೆ ನುಂಗಿ. ಬಸುರಿನಲ್ಲಿ ಏಕಾಏಕಿ ಸಂಖ್ಯೆ ಏರಲು ಇದೂ ಒಂದು ಕಾರಣ, ಸುಲಭವಾಗಿ ತಪ್ಪಿಸಬಹುದಾದದ್ದು.

ಎದೆಹಾಲು ಕೊಡುವಷ್ಟು ಕಾಲವೂ ನಿಮ್ಮ ಪರೀಕ್ಷೆ ಮುಂದುವರಿಯಬೇಕು: ಹೆರಿಗೆಯಾದ ಮೂರು ತಿಂಗಳಿಗೆ, ಆಮೇಲೆ ಆರಾರು ತಿಂಗಳಿಗೆ. ವೈರಸ್ ಹತೋಟಿಯಲ್ಲಿದ್ದರೆ ಹಾಲಿನ ಮೂಲಕ ಹರಡುವ ಅಪಾಯ ಶೇ 1ಕ್ಕಿಂತ ಕಡಿಮೆ, ಆದರೆ ಲೈಂಗಿಕ ಸಂಪರ್ಕದಲ್ಲಿ ಹೇಳುವಂತೆ ಶೂನ್ಯ ಎನ್ನುವಂತಿಲ್ಲ. ಮಗುವಿಗೆ 4–6 ವಾರದಲ್ಲಿ ಮಾಡುವುದು ಪಿಸಿಆರ್ ಜಾತಿಯ ಪರೀಕ್ಷೆ. ನಿಮ್ಮ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ 18 ತಿಂಗಳವರೆಗೂ ಇರಬಹುದಾದ್ದರಿಂದ ಮಾಮೂಲಿ ಕಿಟ್‌ನ ‘ಪಾಸಿಟಿವ್’ ಅಷ್ಟರವರೆಗೆ ಏನನ್ನೂ ಸಾಬೀತು ಮಾಡುವುದಿಲ್ಲ.

ಪ್ರಶ್ನೆ: ಅಪಾಯಕಾರಿ ಸಂಪರ್ಕವಾಗಿ 8 ದಿನ. ವೈರಲ್ ಲೋಡ್ ಮಾಡಿಸಿದೆ, ‘ಪತ್ತೆಯಾಗಿಲ್ಲ’. ನಿರಾಳವಾಗಬಹುದೇ?

ಉತ್ತರ: ಇನ್ನೂ ಇಲ್ಲ. ಸೋಂಕು ತಗುಲಿದರೂ ರಕ್ತದಲ್ಲಿ ಆರ್‌ಎನ್‌ಎ ಕಾಣಲು ಸುಮಾರು 10–12 ದಿನ ಬೇಕು. ಜೊತೆಗೆ, ಈ ಪರೀಕ್ಷೆ ಇರುವುದು ಚಿಕಿತ್ಸೆಯ ನಿಗಾಕ್ಕೆ, ರೋಗ ಪತ್ತೆಗಲ್ಲ. ಸೋಂಕಿಲ್ಲದವರ ರಕ್ತದಲ್ಲೂ ಪಕ್ಕದ ಸ್ಯಾಂಪಲ್‌ನ ಕಲಬೆರಕೆಯಿಂದ ಸಣ್ಣ ಸಂಖ್ಯೆ ಬಂದುಬಿಡಬಹುದು. ನಿಜವಾದ ಹೊಸ ಸೋಂಕಿನಲ್ಲಿ ಸಂಖ್ಯೆ ಸಾಮಾನ್ಯವಾಗಿ ಲಕ್ಷಗಳಲ್ಲಿರುತ್ತದೆ. ಪ್ರತಿಜನಕ (ವೈರಸ್ಸಿನ ಪ್ರೋಟೀನ್), ಪ್ರತಿಕಾಯ ಎರಡನ್ನೂ ನೋಡುವ ನಾಲ್ಕನೇ ತಲೆಮಾರಿನ ಲ್ಯಾಬ್ ಪರೀಕ್ಷೆಯನ್ನು 45 ದಿನಕ್ಕೆ, ಪ್ರತಿಕಾಯ ಮಾತ್ರ ನೋಡುವ ಕ್ಷಿಪ್ರ ಕಿಟ್ ಆದರೆ 90 ದಿನಕ್ಕೆ ಮಾಡಿಸಿ. ನಡುವೆ ಜ್ವರ, ಗಂಟಲುನೋವು, ಮೈಮೇಲೆ ದದ್ದು ಬಂದರೆ ಕಾಯದೆ ಹೋಗಿ. ಸಂಪರ್ಕವಾದ 72 ಗಂಟೆಯೊಳಗೆ ಶುರುಮಾಡಿ 28 ದಿನ ತೆಗೆದುಕೊಳ್ಳುವ ತಡೆ ಚಿಕಿತ್ಸೆಯ ಗಡುವು ನಿಮಗೆ ಮುಗಿದಿದೆ. ಓದುತ್ತಿರುವ ಬೇರೆಯವರಿಗೆ ಮುಗಿದಿರಲಿಕ್ಕಿಲ್ಲ.

ಪ್ರಶ್ನೆ: ಆರು ವರ್ಷದಿಂದ ‘ಪತ್ತೆಯಾಗಿಲ್ಲ’. ವೈರಸ್ಸೇ ಇಲ್ಲದ ಮೇಲೆ ಮಾತ್ರೆ ಯಾಕೆ?

ಉತ್ತರ: ಇಲ್ಲದಿರುವುದು ಪ್ಲಾಸ್ಮಾದಲ್ಲಿ. ದೀರ್ಘಕಾಲ ಬದುಕುವ ಸಿಡಿ4 ಕೋಶಗಳ ಡಿಎನ್‌ಎಯೊಳಗೆ ವೈರಸ್ ಹೆಣೆದುಕೊಂಡು ಮಲಗಿದೆ. ಔಷಧವೂ ಅದನ್ನು ಮುಟ್ಟದು, ಈ ಪರೀಕ್ಷೆಯೂ ಅದನ್ನು ಕಾಣದು. ಆ ಕೋಶಗಳ ಸಂಖ್ಯೆ ಅರ್ಧವಾಗಲು ಸುಮಾರು 44 ತಿಂಗಳು ಬೇಕು; ಪೂರ್ತಿ ಬರಿದಾಗುವ ಲೆಕ್ಕ ಹಾಕಿದರೆ 70 ವರ್ಷ ದಾಟುತ್ತದೆ. ಮಾತ್ರೆ ನಿಲ್ಲಿಸಿದರೆ ಹೆಚ್ಚಿನವರಲ್ಲಿ ಎರಡರಿಂದ ನಾಲ್ಕು ವಾರದಲ್ಲಿ ಸಂಖ್ಯೆ ಮತ್ತೆ ಏರುತ್ತದೆ. ಸಿಡಿ4 ಚೆನ್ನಾಗಿದ್ದಾಗ ಔಷಧ ನಿಲ್ಲಿಸಿ ನೋಡಿದ ‘ಸ್ಮಾರ್ಟ್’ ಅಧ್ಯಯನದಲ್ಲಿ 5,472 ಮಂದಿ ಇದ್ದರು. ನಿಲ್ಲಿಸಿದ ಗುಂಪಿನಲ್ಲಿ ಕಾಯಿಲೆ, ಸಾವು ಎರಡೂ ಹೆಚ್ಚಾದವು ಎಂದು 2006ರಲ್ಲಿ ವರದಿಯಾಯಿತು. ನಿಮಗೆ ಹೆಪಟೈಟಿಸ್ ಬಿ ಕೂಡ ಇದ್ದರೆ ಇನ್ನೊಂದು ಗಂಡಾಂತರ: ಟೆನೊಫೊವಿರ್, ಲ್ಯಾಮಿವುಡಿನ್ ಅದನ್ನೂ ಹಿಡಿದಿಟ್ಟಿರುತ್ತವೆ, ಬಿಟ್ಟರೆ ಯಕೃತ್ತು ಏಕಾಏಕಿ ಕೆಡಬಹುದು.

ಪ್ರಶ್ನೆ: ನನ್ನ ಅಣ್ಣನಿಗೆ ಕಿಟ್ ಪರೀಕ್ಷೆಯಲ್ಲಿ ಪಾಸಿಟಿವ್. ಔಷಧ ಶುರುಮಾಡುವ ಮುಂಚೆಯೇ ವೈರಲ್ ಲೋಡ್ ‘ಪತ್ತೆಯಾಗಿಲ್ಲ’. ಸಿಡಿ4 ಮಾತ್ರ 240. ಇದು ಹೇಗೆ?

ಉತ್ತರ: ಮೂರು ಸಾಧ್ಯತೆಗಳಿವೆ. ಬೇರೆಡೆ ಚಿಕಿತ್ಸೆ ಶುರುವಾಗಿದ್ದು ಹೇಳದೆ ಇರಬಹುದು. ಇದನ್ನು ನಯವಾಗಿ, ಒಬ್ಬರೇ ಇರುವಾಗ ಕೇಳಿ. ಔಷಧವಿಲ್ಲದೆಯೇ ವೈರಸ್ಸನ್ನು ಹತೋಟಿಯಲ್ಲಿಡುವ ಅಪರೂಪದ ಜನರೂ ಇದ್ದಾರೆ, ಸೋಂಕಿತರಲ್ಲಿ ಶೇ 1ಕ್ಕಿಂತ ಕಡಿಮೆ. ಆದರೆ ಸಿಡಿ4 ಇಷ್ಟು ಇಳಿದಿರುವಾಗ ಮೂರನೆಯದನ್ನು ನೋಡಲೇಬೇಕು: ಸೋಂಕು ಎಚ್‌ಐವಿ-2 ಆಗಿರುವುದು. ಪಶ್ಚಿಮ ಆಫ್ರಿಕಾದಲ್ಲಿ ಹೆಚ್ಚು ಕಾಣುವ ಈ ವೈರಸ್ಸನ್ನು ಮಾಮೂಲಿ ವೈರಲ್ ಲೋಡ್ ಪರೀಕ್ಷೆಗಳು ಎಣಿಸುವುದಿಲ್ಲ. ಅವುಗಳನ್ನು ಎಚ್‌ಐವಿ-1ಕ್ಕೆಂದೇ ರೂಪಿಸಲಾಗಿದೆ.

ಎರಡು ಬಗೆಯನ್ನೂ ಬೇರ್ಪಡಿಸಿ ತೋರಿಸುವ ಪ್ರತಿಕಾಯ ಪರೀಕ್ಷೆ ಮಾಡಿಸಿ. ಎಚ್‌ಐವಿ-2 ಎಂದು ಖಚಿತವಾದರೆ ಎಫಾವಿರೆನ್ಜ್, ನೆವಿರಾಪಿನ್ ಗುಂಪಿನ ಔಷಧಗಳು ಅದರ ಮೇಲೆ ಕೆಲಸ ಮಾಡುವುದಿಲ್ಲ; ಡೊಲುಟೆಗ್ರಾವಿರ್ ಮಾಡುತ್ತದೆ. ಎಚ್‌ಐವಿ-2ರ ಆರ್‌ಎನ್‌ಎ ಎಣಿಸುವ ಪರೀಕ್ಷೆ ಕೆಲವೇ ಲ್ಯಾಬ್‌ಗಳಲ್ಲಿದೆ. ಅದು ಸಿಗದಿದ್ದರೆ ಇವರ ನಿಗಾ ಸಿಡಿ4 ಮತ್ತು ದೇಹಸ್ಥಿತಿಯ ಮೇಲೆಯೇ ನಡೆಯಬೇಕು. ಫೈಲಿನ ಮೊದಲ ಪುಟದಲ್ಲೇ ‘ಎಚ್‌ಐವಿ-2’ ಎಂದು ದಪ್ಪಕ್ಷರದಲ್ಲಿ ಬರೆಸಿ. ಇಲ್ಲವಾದರೆ ಮುಂದಿನ ವೈದ್ಯರು ‘ಪತ್ತೆಯಾಗಿಲ್ಲ’ ಎಂಬ ಸಾಲು ನೋಡಿ ಎಲ್ಲ ಸರಿಯಿದೆ ಎಂದುಕೊಳ್ಳುತ್ತಾರೆ.